ಬೆಳಗಿನ ತಾಟು, ಮಧ್ಯಾಹ್ನದ ಪಂಕ್ತಿ

ಅವರ ಎರಡೂ ಅಂಗೈಗಳು ಸದಾ ಗಾಳಿಯಲ್ಲಿರುತ್ತಿದ್ದವು. ಎದುರುಬದುರು ಹಿಡಿದ ಅಂಗೈಗಳ ನಡುವೆ ಒಮ್ಮೆ ಗೇಣು ಜಾಗ, ಒಮ್ಮೆ ಮೊಳ ಜಾಗ. ಉದ್ದನೆಯ ಬೆರಳುಗಳು, ಬಲಗೈ ಹೆಬ್ಬೆರಳ ಸಂದಿಯಲ್ಲಿ ತೊಳೆದರೂ ಹೋಗದ ಸೀಮೆಸುಣ್ಣ. ಕೊಲ್ಹಾಪುರದ ಪೇಟೆಯಲ್ಲಿ ಅವರನ್ನು ಮೊದಲ ಸಲ ಕಂಡವರು, ಯಾರೋ ಬಟ್ಟೆಯ ಅಗಲ ತೋರಿಸುತ್ತಿರುವ ವ್ಯಾಪಾರಿ ಎಂದುಕೊಳ್ಳುತ್ತಿದ್ದರು. ಅವರು ತೋರಿಸುತ್ತಿದ್ದದ್ದು ತಮಗೆ ಎಷ್ಟು ಗೊತ್ತಿಲ್ಲ ಎಂಬುದನ್ನು.

"ಸರ್, ಗಡಹಿಂಗ್ಲಜ ಬಸ್ ಎಷ್ಟಕ್ಕ ಬರ್ತೈತ್ರಿ?" ಎಂದು ಯಾರಾದರೂ ಕೇಳಿದರೆ ಅಂಗೈಗಳು ಮೇಲೇಳುತ್ತಿದ್ದವು. "ಒಂಬತ್ತೂವರಿಯಿಂದ ಹತ್ತೂಕಾಲ್. ಮಳಿ ಹತ್ತಿದ್ರ ಇಷ್ಟು," ಎಂದು ಕೈ ಅಗಲಿಸುತ್ತಿದ್ದರು. "ಆಗಲೇ ಕಾಗಲ ದಾಟ್ಯಾದ ಅಂತ ಯಾರರೆ ಫೋನ್ ಮಾಡಿದ್ರ ಇಷ್ಟ," ಎಂದು ಗೇಣಿಗೆ ತರುತ್ತಿದ್ದರು. ಕೇಳಿದವನು ತಲೆ ಕೆರೆದುಕೊಂಡು ನಿಲ್ದಾಣಕ್ಕೆ ಹೋಗಿ ಕೂಡುತ್ತಿದ್ದ. ಬಸ್ಸು ಆ ಅಂಗೈಗಳ ನಡುವೆಯೇ ಎಲ್ಲೋ ಬರುತ್ತಿತ್ತು.

ನನಗೆ ಇಂಥದ್ದು ಆಗುತ್ತಿರಲಿಲ್ಲ. ನಾನು ಗಂಟೆಯ ಮನುಷ್ಯ. ಚಿಕ್ಕಂದಿನಲ್ಲಿ ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿ ಓದಿದೆ, ಮುಂದೆ ಅಲ್ಲಿಯೇ ಹುಡುಗರ ಮೇಲ್ವಿಚಾರಣೆ ನೋಡುವ ರೆಕ್ಟರ್ ಆದೆ. ಐದಕ್ಕೆ ಎದ್ದೇಳುವ ಗಂಟೆ, ಆಮೇಲೆ ಸ್ನಾನ, ಪ್ರಾರ್ಥನೆ, ನಾಷ್ಟಾ. ಸೂರ್ಯ ಮುಳುಗುವುದರೊಳಗೆ ರಾತ್ರಿಯ ಊಟವೂ ಮುಗಿದಿರಬೇಕು. ಹುಡುಗರು ನನ್ನನ್ನು ನೋಡಿ ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಅಂಥ ನನಗೆ "ಇಷ್ಟರಿಂದ ಇಷ್ಟು" ಎನ್ನುವ ಮನುಷ್ಯ ಜೊತೆಗಾರನಾದದ್ದು ಅಡುಗೆಮನೆಯ ಕಾರಣದಿಂದ.

ಸರ್ ಇಚಲಕರಂಜಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ಗಡಹಿಂಗ್ಲಜ ಕಡೆಯ ಲಿಂಗಾಯತ ಒಕ್ಕಲು ಮನೆತನ. ಒಬ್ಬರೇ ಇದ್ದರು. ಆಮೇಲೆ ಕೊಲ್ಹಾಪುರಕ್ಕೆ ಬಂದು, ನಮ್ಮ ಬೋರ್ಡಿಂಗಿನ ಎದುರಿಗೆ ಒಂದು ಖೋಲಿ ಹಿಡಿದು, ಎರಡು ಹೊತ್ತಿನ ಊಟಕ್ಕೆ ನಮ್ಮಲ್ಲಿಗೆ ಬರುತ್ತಿದ್ದರು. ಬಂದ ಮೊದಲ ವಾರವೇ ಒಂದು ಪ್ರಶ್ನೆ ಕೇಳಿದರು: "ರೆಕ್ಟರ್ ಸಾಹೇಬ್ರ, ಭಾಳ ದಿನಾ ಇಷ್ಟ ಅನ್ನ ಯಾಕ ಉಳೀತೈತ್ರಿ? ಒಂದೊಂದ ದಿನಾ ನನಗ ಯಾಕ ಸಾಲೂದಿಲ್ಲ?"

ನಮ್ಮಲ್ಲಿ ನಿನ್ನೆಯ ಅಡುಗೆ ಇಂದು ಉಣ್ಣುವಂತಿಲ್ಲ. ಉಳಿದದ್ದು ದನಕ್ಕೆ. ಹಾಗಾಗಿ ಮಧ್ಯಾಹ್ನ ಎಷ್ಟು ಜನ ಉಣ್ಣುತ್ತಾರೆ ಎಂಬುದು ಬೆಳಿಗ್ಗೆಯೇ ಗೊತ್ತಾಗಬೇಕು. ಅದು ಗೊತ್ತಾಗುವುದು ಹೇಗೆ? ಒಬ್ಬ ಕ್ಲಾಸಿನಿಂದ ನೇರ ಊರ ಬಸ್ಸು ಹತ್ತುತ್ತಾನೆ, ಇನ್ನೊಬ್ಬ ಉದಗಾಂವದಿಂದ ಮಾವನನ್ನೂ ಅತ್ತೆಯನ್ನೂ ಕರೆದುಕೊಂಡು ಬರುತ್ತಾನೆ. ಹಿಂದಿನ ಅಡುಗೆಯವನು ದಿನವೂ ಒಂದೇ ಅಳತೆ ಹಾಕಿ, ಹೆಚ್ಚುಕಡಿಮೆಯನ್ನು ದೇವರಿಗೆ ಬಿಟ್ಟಿದ್ದ.

ಸರ್ ದೇವರಿಗೆ ಬಿಡಲಿಲ್ಲ. ಅಡುಗೆಮನೆಯ ಹೊಗೆ ಹಿಡಿದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದರು. ಅಡ್ಡಗೆರೆಯ ಮೇಲೆ ಬೆಳಗಿನ ನಾಷ್ಟಾದ ತಾಟುಗಳು, ಉದ್ದಗೆರೆಯ ಮೇಲೆ ಮಧ್ಯಾಹ್ನದ ತಾಟುಗಳು. ಪ್ರತಿ ದಿನಕ್ಕೆ ಒಂದು ಚುಕ್ಕಿ. ಮಳೆಗಾಲ ಕಳೆದು ಚಳಿ ಬರುವಷ್ಟರಲ್ಲಿ ಗೋಡೆಯ ಮೇಲೆ ಓರೆಯಾಗಿ ಮೇಲೇರುವ ಚುಕ್ಕಿಗಳ ದಂಡು ನಿಂತಿತು, ಬಿಳಿ ಇರುವೆಗಳು ಬೆಲ್ಲದ ಪೆಂಟೆಯತ್ತ ಹೊರಟ ಹಾಗೆ.

"ಇದೇನ್ರಿ ಸರ್, ಗ್ವಾಡಿಗಿ ಸಿಡುಬು ಎದ್ದಾವು," ಎಂದಳು ಮಾವಶಿ.

ಮಾವಶಿ ಆಗಷ್ಟೇ ಅಡುಗೆಮನೆಗೆ ಸಹಾಯಕ್ಕೆ ಬಂದಿದ್ದಳು. ದತ್ತವಾಡದ ಜೈನರ ಮನೆಯ ಮಗಳು. ಗಂಡ ತೀರಿದ ಮೇಲೆ ಇಚಲಕರಂಜಿಯಲ್ಲಿ ಮಗ್ಗದ ಕೆಲಸದವರಿಗಾಗಿ ಸಣ್ಣ ಖಾನಾವಳಿ ನಡೆಸಿದ್ದಳು. ಆ ಕಟ್ಟಡವನ್ನು ಕೆಡವಿದಾಗ ಖಾನಾವಳಿಯೂ ಹೋಯಿತು. ಕೈ ಚುರುಕು, ಬಾಯಿ ಕೈಗಿಂತ ಚುರುಕು. ವಯಸ್ಸಿನಲ್ಲಿ ನಮ್ಮಿಬ್ಬರಿಗಿಂತ ಬಹಳ ಚಿಕ್ಕವಳಾದರೂ ಹುಡುಗರು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆದದ್ದನ್ನೇ ನಾವೂ ಕರೆದೆವು.

"ಸಿಡುಬಲ್ಲವ್ವಾ, ಕಣ್ಣು," ಎಂದರು ಸರ್. ಹಗ್ಗದ ಮೇಲಿದ್ದ ಎರಡು ಪಂಚೆಗಳನ್ನು ಎಳೆದುಕೊಂಡರು. ಒಂದನ್ನು ಗೋಡೆಯ ಎಡಕ್ಕೆ ನನ್ನ ಕೈಗೆ ಕೊಟ್ಟು ಹಿಡಿಸಿದರು, ಇನ್ನೊಂದನ್ನು ಬಲಕ್ಕೆ ಮಾವಶಿಯ ಕೈಗೆ. ನಡುವೆ ಒಂದು ಸಣ್ಣ ಸೀಳು ಮಾತ್ರ ಕಾಣುತ್ತಿತ್ತು. "ಇವತ್ತ ನಾಷ್ಟಾಕ್ಕ ಎಂಬತ್ತ ತಾಟು. ಅಂಥಾ ದಿನಾ ಅಷ್ಟ ನೋಡ್ರಿ, ಉಳಿದದ್ದ ಮರೀರಿ. ಈ ಸೀಳಿನ್ಯಾಗ ಚುಕ್ಕಿ ಎಲ್ಲಿಂದ ಎಲ್ಲೀತನಾ ಅದಾವು? ದಟ್ಟ ಎಲ್ಲಿ, ತೆಳು ಎಲ್ಲಿ?"

ಮಾವಶಿ ಪಂಚೆ ಬಿಡದೆ ಕುತ್ತಿಗೆ ಚಾಚಿ ನೋಡಿದಳು. "ನಡುವ ಗರ್ದಿ ಐತಿ. ಮ್ಯಾಲ ಒಂದೆರಡು ಪುಂಡ ಚುಕ್ಕಿ. ಕೆಳಗ ಒಂದು ಬಡಪಾಯಿ."

"ಬರೋಬರ!" ಸರ್ ಕುಣಿಯುವುದೊಂದು ಬಾಕಿ. "ಆ ಗರ್ದೀಗೆ ಪೂರಾ ಅಡಿಗಿ. ಪುಂಡರಿಗೆ ಅರ್ಧಾ ಅಡಿಗಿ."

ಅರ್ಧ ಅಡುಗೆ ಎನ್ನುವುದು ಆ ದಿನದಿಂದ ನಮ್ಮ ಅಡುಗೆಮನೆಯ ಪದ್ಧತಿಯಾಯಿತು. ಬೇಳೆ ಬೇಯಿಸಿಡುವುದು, ಒಗ್ಗರಣೆ ಹಾಕದಿರುವುದು. ಎಸರು ಕುದಿಯುತ್ತಿರಬೇಕು, ತೊಳೆಯದ ಅಕ್ಕಿ ಪಕ್ಕದಲ್ಲಿ ಕಾಯುತ್ತಿರಬೇಕು. ಜನ ಬಂದರೆ ತೊಳೆದು ಸುರಿ, ಬಾರದಿದ್ದರೆ ಅಕ್ಕಿ ಮರಳಿ ಚೀಲಕ್ಕೆ, ಬೇಳೆ ಸಂಜೆಯ ಊಟಕ್ಕೆ. ದನಗಳು ತೆಳ್ಳಗಾದವು ಎಂದು ಗೌಳಿ ಬಂದು ಜಗಳವಾಡಿದ.

ಸರ್ ಈ ಅಂದಾಜಿನ ವಿಷಯದಲ್ಲಿ ಮಗುವಿನಷ್ಟು ಉತ್ಸಾಹಿ. ಮಧ್ಯಾಹ್ನದ ಕೊನೆಯ ತಾಟು ಎದ್ದ ಕೂಡಲೇ ಓಡಿಬಂದು ಚುಕ್ಕಿ ಇಡುತ್ತಿದ್ದರು. ಹೇಳಿದ್ದರ ಹೊರಗೆ ಬಿದ್ದರೆ ಬೇಸರವಿಲ್ಲ, ಇನ್ನೂ ಹೆಚ್ಚು ಖುಷಿ. "ಸಾಹೇಬ್ರ, ಬಿತ್ತ್ರಿ ಹೊರಗ! ಯಾಕ ಬಿತ್ತು? ನಡ್ರಿ ಕೇಳೂಣು!" ಎಂದು ನನ್ನ ವಿಶ್ರಾಂತಿಯ ಹೊತ್ತಿನಲ್ಲಿ ಬಾಗಿಲು ಬಡಿಯುತ್ತಿದ್ದರು. ಕೇಳಲು ಹೋದರೆ ಕಾಲೇಜಿನಲ್ಲಿ ಕುಸ್ತಿಯ ಪಂದ್ಯವಿದ್ದದ್ದೋ, ಯಾರದೋ ಅಕ್ಕನ ಸೀಮಂತವಿದ್ದದ್ದೋ ತಿಳಿಯುತ್ತಿತ್ತು. "ಬೆಳಗಿನ ತಾಟು ಮಧ್ಯಾಹ್ನದ ತಾಟಿನ ಗೆಳೆಯಾ ಇದ್ದಂಗ. ಖರೇ ಹೇಳತಾನ, ಪೂರಾ ಹೇಳೂದಿಲ್ಲ," ಎನ್ನುವುದು ಅವರ ಮಾತು.

ನಾನು ಬಲ್ಲ ಅತ್ಯಂತ ರೋಮಾಂಚಕ ದಿನ ಬೋರ್ಡಿಂಗಿನ ಒಂದು ವಾರ್ಷಿಕ ಸಮ್ಮೇಳನದ ದಿನ. ಹಳೆಯ ವಿದ್ಯಾರ್ಥಿಗಳು ಹೆಂಡತಿ, ಮಕ್ಕಳು, ತಾಯಂದಿರೊಂದಿಗೆ ಸುತ್ತಲಿನ ಊರುಗಳಿಂದ ಬರುತ್ತಾರೆ. ಬೆಳಿಗ್ಗೆ ನಾಷ್ಟಾ, ಭಾಷಣ, ಮಧ್ಯಾಹ್ನ ದೊಡ್ಡ ಪಂಕ್ತಿ. ಆ ವರ್ಷ ಅಡುಗೆಯ ಪೂರ್ತಿ ಜವಾಬ್ದಾರಿಯನ್ನು ಸಮಿತಿ ಮಾವಶಿಗೆ ವಹಿಸಿತ್ತು. ಅದು ಪರೀಕ್ಷೆ. ಪಂಕ್ತಿ ಸರಿಯಾಗಿ ಎದ್ದರೆ ಬೋರ್ಡಿಂಗಿನ ಅಡುಗೆಮನೆ ಕಾಯಂ ಆಗಿ ಅವಳದು. ಎಡವಿದರೆ ಹೊರಗಿನ ಕೇಟರರ್ ಬರುತ್ತಾನೆ ಎಂದು ಅಧ್ಯಕ್ಷರು ಅವಳೆದುರೇ ಹೇಳಿದ್ದರು. ಅಧ್ಯಕ್ಷರು ಜಯಸಿಂಗಪುರದ ವ್ಯಾಪಾರಿ, ಒಳ್ಳೆಯ ಮನುಷ್ಯ, ಆದರೆ ಎಲ್ಲದಕ್ಕೂ ಒಂದು ಅಂಕಿ ಬೇಕು.

ಸಮ್ಮೇಳನವನ್ನು ಒಂದು ಭಾನುವಾರ ಇಟ್ಟಿದ್ದರು. ಪಂಚಾಂಗ ನೋಡಿರಲಿಲ್ಲ. ಅದು ಚತುರ್ದಶಿ, ಜೈನರ ವ್ರತದ ದಿನ.

ಬೆಳಿಗ್ಗೆ ಅಂಗಳದ ತುಂಬ ಚಪ್ಪಲಿ, ಮಾತು, ಮಕ್ಕಳ ಕೂಗು. ಆದರೆ ನಾಷ್ಟಾದ ತಾಟುಗಳು ಏಳಲೇ ಇಲ್ಲ. ಅಷ್ಟೂ ಜನಕ್ಕೆ ಇನ್ನೂರು ತಾಟೂ ಆಗಲಿಲ್ಲ. ಹಿಂದಿನ ಸಮ್ಮೇಳನಗಳಲ್ಲಿ ಅದರ ಎರಡು ಪಟ್ಟು ಆಗಿತ್ತು. ಉಪ್ಪಿಟ್ಟಿನ ಪಾತ್ರೆಗಳು ಹಾಗೇ ಕುಳಿತಿದ್ದವು. ಮಾವಶಿ ಸೆರಗಿನಿಂದ ಮುಖ ಒರೆಸಿಕೊಂಡು ಆ ಪಾತ್ರೆಗಳನ್ನೇ ನೋಡುತ್ತಿದ್ದಳು.

ಅಧ್ಯಕ್ಷರು ಒಳಗೆ ಬಂದರು. "ಮಾವಶಿ, ಮಧ್ಯಾಹ್ನದ ಅಡಿಗಿ ಅರ್ಧಕ್ಕ ಇಳಸು. ಚತುರ್ದಶಿ ಐತಿ, ಮಂದಿ ಉಪವಾಸ ಹಿಡದಾರ. ನಾಷ್ಟಾ ಅರ್ಧಾ ಅಂದ್ರ ಊಟಾನೂ ಅರ್ಧಾ. ಹೌದಿಲ್ರಿ ಸರ್? ನೀವ ಹೇಳೂದು ಅದನ್ನ ಅಲ್ಲೇನು?"

ಲೆಕ್ಕ ನೇರವಾಗಿತ್ತು. ಗೋಡೆಯ ಚುಕ್ಕಿಗಳೂ ಅದನ್ನೇ ಹೇಳುತ್ತಿದ್ದವು: ಬೆಳಿಗ್ಗೆ ಕಡಿಮೆಯಾದರೆ ಮಧ್ಯಾಹ್ನ ಕಡಿಮೆ. ಸರ್ ಗೋಡೆಯ ಮುಂದೆ ನಿಂತರು. ನೋಡಿದರು. ತಿರುಗಿ ಬಂದಾಗ ಅವರ ಕೈಗಳು ಎಂದೂ ಹೋಗದಷ್ಟು ದೂರ ಹೋಗಿದ್ದವು.

"ಅಯ್ಯ, ಹಂಗಂದ್ರೇನ್ರಿ?" ಎಂದಳು ಮಾವಶಿ.

"ನನಗ ಗೊತ್ತಿಲ್ಲ ಅಂದಂಗ. ಈ ಗ್ವಾಡಿ ಬ್ಯಾರೇ ದಿನಗಳ ಗ್ವಾಡಿ. ಇಂಥಾ ಮುಂಜಾನಿ ಇದರ ಮ್ಯಾಲ ಒಂದೂ ಇಲ್ಲ." ನನ್ನ ಕಡೆಗೆ ತಿರುಗಿದರು. "ಸಾಹೇಬ್ರ, ನಾ ಲಿಂಗಾಯತ ಮನಶ್ಯಾ, ತಿಳಿಸಿ ಹೇಳ್ರಿ. ಚತುರ್ದಶಿಗೆ ನಾಷ್ಟಾ ಬಿಟ್ಟವರು ಊಟಾನೂ ಬಿಡತಾರು?"

"ಎರಡು ಥರ ಇದ್ದಾರೆ," ಎಂದೆ. "ಉಪವಾಸ ಹಿಡಿದವರು ಇಡೀ ದಿನ ಏನೂ ಮುಟ್ಟುವುದಿಲ್ಲ. ಏಕಾಶನ ಹಿಡಿದವರು ದಿನಕ್ಕೆ ಒಂದೇ ಸಲ ಕೂತು ಉಣ್ಣುತ್ತಾರೆ. ಅದು ಮಧ್ಯಾಹ್ನ."

ಸರ್ ಮುಖ ಬೆಳಗಿತು. ನಾನು ಏನು ಅಂಥ ದೊಡ್ಡ ಮಾತು ಹೇಳಿದೆ ಎಂದು ನನಗೇ ತಿಳಿಯಲಿಲ್ಲ. ಅವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಚೆಲ್ಲಿದ್ದ ಗೋಧಿಹಿಟ್ಟನ್ನು ಬೆರಳಿನಿಂದ ಎರಡು ಗುಪ್ಪೆ ಮಾಡಿದರು.

"ನೋಡ್ರಿ. ನಾಷ್ಟಾ ಬಿಟ್ಟವರು ಬಹುತೇಕ ಉಪವಾಸದವರ ಇದ್ರ ಊಟಕ್ಕ ಇನ್ನೂರೈವತ್ತರ ಸುತ್ತ. ಬಹುತೇಕ ಏಕಾಶನದವರ ಇದ್ರ ಐದುನೂರರ ಸುತ್ತ. ಎರಡು ಗುಡ್ಡ. ನಡುವ ಹಳ್ಳ."

"ಹಂಗಾರ ನಡುವಿಂದು ಹಿಡೀರಿ," ಎಂದರು ಅಧ್ಯಕ್ಷರು. "ಮುನ್ನೂರೆಪ್ಪತ್ತೈದು. ಮುಗೀತು."

"ಅಧ್ಯಕ್ಷರ, ಆ ಹಳ್ಳದಾಗ ಯಾರೂ ಇರೂದಿಲ್ಲ! ಎರಡೂ ಕಡೆ ಹಾಳಾಗತೈತಿ. ಒಂದೋ ಅನ್ನ ಉಳೀತೈತಿ, ಇಲ್ಲಂದ್ರ ಮಂದಿ ಉಳೀತಾರ."

"ಸರ್, ನನಗ ಗುಡ್ಡಾ-ಹಳ್ಳಾ ಬ್ಯಾಡ್ರಿ. ಏಕ್ ಆಕಡಾ ಸಾಂಗಾ, ಒಂದ ಅಂಕಿ."

"ಕೊಟ್ರ ನೀವು ಅದನ್ನ ನಂಬತೀರಿ. ಅದಕ್ಕ ನನಗ ಅಂಜಿಕಿ."

ಮಾವಶಿ ಈ ಜಗಳದ ನಡುವೆ ಸೌಟು ಹಿಡಿದು ನಿಂತಿದ್ದಳು. "ನೀವಿಬ್ರೂ ಗುಡ್ಡಾ ಹತ್ತಿ ಇಳೀರಿ. ನಾ ಬ್ಯಾಳಿ ಎಷ್ಟ ಹಾಕ್ಲಿ? ಹೊತ್ತು ಏರಾಕತ್ತೈತಿ. ಹೋದ್ರ ನನ್ನ ಅನ್ನ ಹೋಗತೈತಿ, ನಿಮ್ಮದಲ್ಲ."

ಅದು ನಿಜ. ಸರ್ ಎದ್ದರು. "ಒಂದ ಹತ್ತ ಮಿನಿಟು ಕೊಡವ್ವಾ. ಸಾಹೇಬ್ರ, ನಡ್ರಿ," ಎಂದು ನನ್ನ ತೋಳು ಹಿಡಿದು ಎಳೆದೊಯ್ದರು.

ಸಭಾಂಗಣದಲ್ಲಿ ಭಾಷಣ ನಡೆಯುತ್ತಿತ್ತು. ನಾಷ್ಟಾ ಬಿಟ್ಟವರೆಲ್ಲ ಅಲ್ಲಲ್ಲಿ ಕೂತಿದ್ದರು. ನಾನು ನೇರ ಮುಂದಿನ ಸಾಲಿನಲ್ಲಿದ್ದ ಪರಿಚಯದವರತ್ತ ಹೆಜ್ಜೆ ಹಾಕಿದೆ. ಸರ್ ತಡೆದರು. "ನಿಮಗ ಗುರುತಿದ್ದವರು ಎಲ್ಲಾ ನಿಮ್ಮಂಥಾ ಕಟ್ಟಾ ಮಂದಿ. ಬ್ಯಾಡ. ಒಂದೊಂದ ಮೂಲಿಗಿ ಹೋಗೂಣು, ಕೈಗೆ ಸಿಕ್ಕವರನ್ನ ಕೇಳೂಣು." ಹಾಗೆ ಕೆಲವರನ್ನು ಬಾಗಿಲ ಬಳಿ, ಕೆಲವರನ್ನು ನೀರಿನ ಹಂಡೆಯ ಬಳಿ, ಕೆಲವರನ್ನು ಅಂಗಳದ ಬೇವಿನ ಮರದ ಕೆಳಗೆ ಕೇಳಿದೆವು.

ಬೇವಿನ ಕೆಳಗೆ ಬಿಳಿ ಸೀರೆಯ ಒಬ್ಬ ಅಜ್ಜಿ ಕಾಲು ಚಾಚಿ ಕೂತಿದ್ದಳು. ಸರ್ ಬಗ್ಗಿ ಕೇಳಿದರು: "ಆಯೀ, ನಾಷ್ಟಾ ಯಾಕ ಮಾಡಲಿಲ್ರಿ?"

"ಏಕಾಶನ ಐತೋ ತಮ್ಮಾ."

"ಹಂಗಾರ ಮಧ್ಯಾಹ್ನ ಊಟ?"

"ಮತ್ತ! ನಿನ್ನಿ ಸಂಜೀಲಿಂದ ಹೊಟ್ಟಿ ಹಿಡಕೊಂಡ ಕೂತೇನಿ. ಹುಗ್ಗಿ ಮಾಡ್ಯಾರಂತ, ಖರೇ ಏನು?"

"ಭಾಳ ಉಣ್ಣತೀರಿ?"

"ಒಂದ ಸಲ ಕೂತ ಮ್ಯಾಲ ಎದ್ದರ ಮುಗೀತು, ನಾಳಿ ಮುಂಜಾನಿತನಾ ನೀರ ಸೈತ ಇಲ್ಲ. ನೀ ಆಗಿದ್ರ ಎಷ್ಟ ಉಣ್ಣತಿದ್ದಿ?"

ಸರ್ ಗಕ್ಕನೆ ನಿಂತರು. ಅವರ ಮುಖದ ಮೇಲಿದ್ದ ಖುಷಿ ಬೇರೆಯೇ ಒಂದು ಗಂಭೀರವಾದ ಉತ್ಸಾಹವಾಗಿ ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ. ಅಡುಗೆಮನೆಯತ್ತ ದಾಪುಗಾಲು ಹಾಕುತ್ತಲೇ ಹೇಳಿದರು: "ಸಾಹೇಬ್ರ, ಅನ್ನ ಉಳದ್ರ ದನಾ ತಿಂತಾವು. ಕಡಿಮಿ ಬಿದ್ರ ಆ ಆಯೀ ನಾಳಿತನಾ ಉಪವಾಸ. ಎರಡೂ ತಪ್ಪು ಒಂದ ತೂಕದ್ದಲ್ಲ. ದೊಡ್ಡ ಗುಡ್ಡದ ಆ ಕಡೀ ತುದೀತನಾ ಹೋಗೂದ!"

ಕೇಳಿದವರಲ್ಲಿ ಬಹಳ ಜನ ಏಕಾಶನದವರೇ ಇದ್ದರು. ಪೂರ್ತಿ ಉಪವಾಸದವರು ಅಲ್ಲೊಬ್ಬರು ಇಲ್ಲೊಬ್ಬರು. ಸರ್ ಅಧ್ಯಕ್ಷರಿಗೆ ಅದನ್ನು ಹೇಳಿ, ಅಂಗೈಗಳನ್ನು ಗೇಣಿಗಿಂತ ಸ್ವಲ್ಪ ಹೆಚ್ಚು ಅಂತರದಲ್ಲಿ ಹಿಡಿದರು. "ನಾನೂರೈವತ್ತರಿಂದ ಐದುನೂರಾ ಐವತ್ತು. ಅದರಾಗೂ ಒಬ್ಬೊಬ್ಬರು ಒಂದೂವರಿ ತಾಟಿನ ಮಂದಿ."

"ಸರ್, ಬೆಳಿಗ್ಗೆ ಇನ್ನೂರ ತಾಟ ಆಗಿಲ್ಲ! ನೀವು ಐದುನೂರ ಅಂತೀರಿ! ಎಲ್ಲಾ ಉಳದ್ರ ಮಂದಿ ನನ್ನ ನಗತಾರ."

ಆಗ ನಾನು ಬಾಯಿ ಬಿಟ್ಟೆ. ಅಷ್ಟು ವರ್ಷಗಳಲ್ಲಿ ಸಮಿತಿಯ ಮಾತಿಗೆ ನಾನು ಎದುರಾಡಿದವನಲ್ಲ. "ಅಧ್ಯಕ್ಷರೆ, ಏಕಾಶನದ ತಾಯಂದಿರು ಅರ್ಧ ಹೊಟ್ಟೆಯಲ್ಲಿ ಎದ್ದರೆ ಅದು ನಗುವ ಮಾತಾಗಿರುವುದಿಲ್ಲ," ಎಂದೆ. ಅಧ್ಯಕ್ಷರು ಒಮ್ಮೆ ನನ್ನ ಮುಖ, ಒಮ್ಮೆ ಸರ್ ಮುಖ ನೋಡಿದರು, ಕೊನೆಗೆ ಮಾವಶಿಯ ಕಡೆ ಕೈ ಎತ್ತಿದರು. "ನಿನ್ನ ಪಂಕ್ತಿ, ನಿನ್ನ ಜವಾಬ್ದಾರಿ."

"ಹೌದ್ರಿ, ನಂದ," ಎಂದಳು ಮಾವಶಿ. ಮರುಗಳಿಗೆಗೆ ಅವಳ ಧ್ವನಿ ಅಡುಗೆಮನೆಯ ಹಂಚು ಹಾರಿಸಿತು. ಐದುನೂರಕ್ಕೆ ಪೂರಾ, ಮೇಲಿನದಕ್ಕೆ ಅರ್ಧ. ಹುಗ್ಗಿಯ ಗೋಧಿಗೆ ಬೆಲ್ಲ ಬಿತ್ತು. ಆಜರಾ ಅಕ್ಕಿಯ ಘಮ ಅಂಗಳಕ್ಕೆ ಹರಿಯಿತು. ಚಪಾತಿ ಲಟ್ಟಿಸಲು ಸಭಾಂಗಣದಿಂದ ಹಳೆಯ ವಿದ್ಯಾರ್ಥಿಗಳ ಹೆಂಡಂದಿರೂ ಎದ್ದುಬಂದರು. ಭಾಷಣಕಾರರಿಗೆ ಕೇಳುವವರು ಕಡಿಮೆಯಾದರು. ಅದರ ಅಂದಾಜನ್ನು ಯಾರೂ ಮಾಡಿರಲಿಲ್ಲ.

ಮೊದಲ ಪಂಕ್ತಿಯಲ್ಲಿ ಏಕಾಶನದವರನ್ನು ಕೂರಿಸಿದೆವು. ಸಾಲು ಮುಗಿಯಲೇ ಇಲ್ಲ. ಸಭಾಂಗಣ ತುಂಬಿ ಪಡಸಾಲೆಗೆ, ಪಡಸಾಲೆ ತುಂಬಿ ಬೇವಿನ ಕೆಳಗೆ ಚಾಪೆ ಹಾಸಿದೆವು. ಹೆಸರಿಗೆ ಒಂದೇ ಊಟ, ಉಣ್ಣುವ ನಿಷ್ಠೆಯೋ ಎರಡು ದಿನದ್ದು! ಹುಗ್ಗಿ ಬಡಿಸುವವರು ಓಡಿ ಓಡಿ ಬೆವತರು. ಎರಡನೆಯ ಪಂಕ್ತಿ ಕೂತಾಗ ಪೂರಾ ಅಡುಗೆಯ ತಳ ಕಾಣತೊಡಗಿತು. ಅಧ್ಯಕ್ಷರೇ ಬಾಗಿಲಲ್ಲಿ ಬಂದು, "ಮಾವಶಿ, ಇನ್ನೂ ಮಂದಿ ಅದಾರ!" ಎಂದು ಕೂಗಿದರು.

"ಬರ್ಲಿ ಬಿಡ್ರಿ," ಎಂದು ಮಾವಶಿ ಕುದಿಯುವ ಎಸರಿಗೆ ಅಕ್ಕಿ ಸುರಿದಳು, ಕಾಯುತ್ತಿದ್ದ ಬೇಳೆಗೆ ಒಗ್ಗರಣೆ ಚುರ್ ಎನಿಸಿದಳು. ಅನ್ನ ಅರಳುವವರೆಗೆ ಸರ್ ಮತ್ತು ನಾನು ಎರಡನೆಯ ಪಂಕ್ತಿಗೆ ಚಪಾತಿ ಬಡಿಸಿದೆವು. ಯಾರೂ ಕಾಯಲಿಲ್ಲ, ಯಾರೂ ಅರ್ಧಕ್ಕೆ ಏಳಲಿಲ್ಲ. ಬಿಳಿ ಸೀರೆಯ ಅಜ್ಜಿ ಕೈ ತೊಳೆದ ಕೂಡಲೇ ಮಾವಶಿಯನ್ನು ಕರೆಸಿಕೊಂಡು, "ಯಾರ ಮಗಳವ್ವಾ ನೀ?" ಎಂದು ಕೇಳಿ, ಗದ್ದ ಹಿಡಿದು ಮುತ್ತಿಟ್ಟಳು. ದತ್ತವಾಡದ ಹೆಸರು ಕೇಳಿದ್ದೇ ತಡ, ಆ ಅಜ್ಜಿಗೆ ಏನೋ ಬೀಗಸ್ತನ ನೆನಪಾಗಿ ಮಾತು ಸಂಜೆಯವರೆಗೆ ನಡೆಯಿತು.

ಉಳಿದದ್ದು ಒಂದು ಬುಟ್ಟಿ ಚಪಾತಿ. ಅಧ್ಯಕ್ಷರು ಆ ಬುಟ್ಟಿಯನ್ನು ನೋಡಿ ನಕ್ಕರು. ಅಂದೇ ಸಮಿತಿಯವರನ್ನು ಕೂರಿಸಿ, ಅಡುಗೆಮನೆ ಮಾವಶಿಗೆ ಎಂದು ಘೋಷಿಸಿದರು. ಮಾವಶಿ ಅಳಲಿಲ್ಲ. "ಹಂಗಾರ ಮೊದಲ ಆ ಸೋರೂ ಹಂಚು ತೆಗಸಿ ಕೊಡ್ರಿ," ಎಂದಳು.

ಸರ್ ಆ ಸಂಜೆ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಗೆಲುವಿನ ಸುದ್ದಿ ಹೇಳಿದೆ. "ಆ ಗೆಲುವು ಇರ್ಲಿ. ನಾ ಇವತ್ತ ಒಂದು ಕಲತೆ ನೋಡ್ರಿ," ಎಂದರು. "ಕಡಿಮಿ ಆತು ಅಂದ ಕೂಡಲೆ ಕಡಿಮಿ ಮಾಡಬಾರದು. ಮೊದಲ ಯಾಕ ಕಡಿಮಿ ಅಂತ ಹೋಗಿ ಕೇಳಬೇಕು. ಕಾಲೇಜಿನ್ಯಾಗ ಇದನ್ನ ನಾ ಎಲ್ಲಾದಕಿಂತ ಕಡೀಕ ಕಲಿಸ್ತಿದ್ದೆ. ಎಲ್ಲಾದಕಿಂತ ಮೊದಲ ಕಲಿಸಬೇಕಿತ್ತು."

ಇದಾದ ಕೆಲವು ವರ್ಷಗಳಿಗೆ ಸರ್ ತೀರಿಕೊಂಡರು. ಗಡಹಿಂಗ್ಲಜ ಕಡೆಯ ತಮ್ಮ ಊರಿನಲ್ಲಿ, ತಮ್ಮನ ಮನೆಯಲ್ಲಿ, ಮಧ್ಯಾಹ್ನದ ಊಟ ಮಾಡಿ ಮಲಗಿದವರು ಏಳಲಿಲ್ಲ. ಮಾವಶಿ ಮತ್ತು ನಾನು ಬಸ್ಸಿನಲ್ಲಿ ಹೋಗಿ ಮಣ್ಣು ಹಾಕಿ ಬಂದೆವು.

ಅಷ್ಟರಲ್ಲಿ ನನ್ನ ರೆಕ್ಟರಗಿರಿಯೂ ಮುಗಿದಿತ್ತು. ಸಮಿತಿಯವರು ಬೋರ್ಡಿಂಗಿನ ಹಿಂದಿನ ಖೋಲಿಯಲ್ಲಿ ಇರಲು ಬಿಟ್ಟರು. ನನ್ನ ದಿನಚರಿಯನ್ನು ನಾನು ಬಿಡಲಿಲ್ಲ. ಏಳಕ್ಕೆ ನಾಷ್ಟಾದ ತಾಟಿನ ಮುಂದೆ ನಾನಿರಲೇಬೇಕು.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಬಚ್ಚಲಲ್ಲಿ ಕಾಲು ಜಾರಿತು. ಸೊಂಟ ಮುರಿಯಿತು. ಕೂಗಿದರೆ ನನ್ನ ಧ್ವನಿ ಬಚ್ಚಲಿನ ಗೋಡೆಯನ್ನೂ ದಾಟಲಿಲ್ಲ. ಹಿಂದಿನ ಖೋಲಿಯತ್ತ ಸಂಜೆಯವರೆಗೆ ಯಾರೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ತಣ್ಣನೆಯ ಕಲ್ಲಿನ ಮೇಲೆ ಬಿದ್ದು, ದೂರದಲ್ಲಿ ನಾಷ್ಟಾದ ಗಂಟೆ ಹೊಡೆದದ್ದನ್ನು ಕೇಳಿದೆ.

ಗಂಟೆಯ ಸದ್ದು ಅಡಗಿ ಸ್ವಲ್ಪ ಹೊತ್ತಿಗೆ ಬಾಗಿಲು ದಡದಡ ಬಡಿಯಿತು. "ಸಾಹೇಬ್ರ! ಒಂದ ತಾಟ ಕಡಿಮಿ ಆಗೇತಿ, ಯಾಕ? ಸಾಹೇಬ್ರ!" ಮಾವಶಿ ಇಬ್ಬರು ಹುಡುಗರಿಂದ ಚಿಲಕ ಮುರಿಸಿ ಒಳಗೆ ಬಂದಳು. ಕೈಯಲ್ಲಿ ಇನ್ನೂ ಉಪ್ಪಿಟ್ಟಿನ ಸೌಟು.

ಈಗ ಕೋಲು ಹಿಡಿದು ನಡೆಯುತ್ತೇನೆ, ಏಳಕ್ಕೆ ತಾಟಿನ ಮುಂದೆ ಇರುತ್ತೇನೆ. ಆ ಬೆಳಿಗ್ಗೆ ಅಷ್ಟೂ ತಾಟುಗಳಲ್ಲಿ ಒಂದು ಕಡಿಮೆಯಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಸುಮ್ಮನಾಗುತ್ತಿದ್ದರು. ಅವಳು ಸೌಟು ಹಿಡಿದುಕೊಂಡೇ ಕೇಳಲು ಬಂದಳು.